ಗೇಟುಮನೆಯ ಕೆಂಪು ರಗ್ಗು

ನಮ್ಮ ಮನೆಯಲ್ಲಿ ಕೆಂಪು ಬಟ್ಟೆಯನ್ನು ಹೊರಗೆ ಒಣಗಿಸುವಂತಿರಲಿಲ್ಲ. ಮನೆ ಎಂದೆ, ಅದು ರೈಲ್ವೆಯವರು ಕೊಟ್ಟ ಗೇಟುಮನೆ. ಒಂದು ಕೋಣೆ, ಒಂದು ಅಡುಗೆಮನೆ, ಮುಂದೆ ನಾಲ್ಕು ಮಾರು ಅಂಗಳ, ಅಂಗಳ ಮುಗಿದಲ್ಲಿ ಹಳಿ. ನಂಜನಗೂಡಿನಿಂದ ಚಾಮರಾಜನಗರಕ್ಕೆ ಹೋಗುವ ಮೀಟರ್‌ಗೇಜ್ ಹಳಿ ಒಂದು ಹಳ್ಳಿ ರಸ್ತೆಯನ್ನು ದಾಟುವಲ್ಲಿ ಅಪ್ಪ ಗೇಟು ಹಾಕಿ ತೆಗೆಯುವ ಕೆಲಸಕ್ಕಿದ್ದ. ಕೆಂಪು ಕಂಡರೆ ಗಾಡಿ ನಿಲ್ಲಿಸಬೇಕೆಂಬುದು ಡ್ರೈವರನ ಕಾನೂನು. ಕೆಂಪು ಕಾಣಿಸಬಾರದೆಂಬುದು ನಮ್ಮ ಮನೆಯ ಕಾನೂನು. ಅವ್ವನ ಧಾರೆ ಸೀರೆ ಕೆಂಪು. ಹಬ್ಬಕ್ಕೊಮ್ಮೆ ಉಟ್ಟು ಒಗೆದರೆ ಅದು ಒಲೆಯ ಮೇಲಿನ ಹಗ್ಗದಲ್ಲೇ ಒಣಗಬೇಕು. ಹಾಗಾಗಿ ಆ ಮದುವೆ ಸೀರೆಗೆ ಯಾವಾಗಲೂ ಹೊಗೆಯ ವಾಸನೆ. ಒಣಮೆಣಸಿನಕಾಯಿಯನ್ನು ಮನೆಯ ಹಿಂದೆ, ಹಳಿಯ ಕಡೆಯಿಂದ ಕಾಣದಂತೆ ಹರವಬೇಕು. ಸ್ಕೂಲಿನಲ್ಲಿ ಎಲ್ಲ ಹುಡುಗಿಯರಿಗೂ ಕೆಂಪು ರಿಬ್ಬನ್ನು. ನಾನು ಗೇಟು ಕಾಣುವ ತಿರುವಿನಲ್ಲೇ ಎರಡೂ ಜಡೆ ಬಿಚ್ಚಿ, ರಿಬ್ಬನ್ನನ್ನು ಸುತ್ತಿ ಚೀಲಕ್ಕೆ ತುರುಕಿ, ಕೂದಲು ಕೆದರಿಕೊಂಡೇ ಮನೆಗೆ ಬರುತ್ತಿದ್ದೆ. ಆಯುಧಪೂಜೆಯ ದಿನ ಅಪ್ಪ ಗೇಟಿಗೆ, ದೀಪಕ್ಕೆ, ಎರಡು ಬಾವುಟಗಳಿಗೆ ಪೂಜೆ ಮಾಡುವಾಗ ಹಸಿರು ಬಾವುಟಕ್ಕೆ ಅರಿಸಿನ ಮಾತ್ರ. ಒಂದು ಸಲ ಅಜ್ಜಿ ಮರೆತು ಅದಕ್ಕೂ ಕುಂಕುಮ ಇಟ್ಟಳೆಂದು ಅಪ್ಪ ಆ ಬಾವುಟವನ್ನು ಮೂರು ಸಲ ಸೋಪು ಹಾಕಿ ಒಗೆದ.

ಇಷ್ಟು ಬರೆದು ಓದಿ ನೋಡಿದರೆ ಮನೆ ಬಹಳ ಅಚ್ಚುಕಟ್ಟಾಗಿ ಕಾಣುತ್ತಿದೆ. ಅಷ್ಟು ಅಚ್ಚುಕಟ್ಟಾಗಿರಲಿಲ್ಲ. ನೆನಪು ಬೀಗರು ಬರುತ್ತಾರೆಂದು ಮನೆ ಗುಡಿಸಿಡುವ ಹೆಂಗಸಿನ ಹಾಗೆ. ಕಸವನ್ನು ಎಲ್ಲಿಗೆ ತಳ್ಳಿತು ಎಂದು ಹೇಳುವುದಿಲ್ಲ. ನಾನು ಈಗ ನರಸೀಪುರದ ಕೋರ್ಟಿನಲ್ಲಿ ಟೈಪಿಸ್ಟು. ಸಾಕ್ಷಿಗಳ ಹೇಳಿಕೆ ಟೈಪು ಮಾಡುವುದು ಕೆಲಸ. ಒಂದೇ ಬದುವಿನ ಜಗಳವನ್ನು ನಾಲ್ಕು ಜನ ನಾಲ್ಕು ಥರ ಹೇಳುತ್ತಾರೆ, ನಾಲ್ವರೂ ಸುಳ್ಳು ಹೇಳುತ್ತಿರುವುದಿಲ್ಲ. ಸಂಜೆಯ ಹೊತ್ತಿಗೆ ಬೆರಳು ನೋಯುತ್ತವೆ; ಬೆರಳಿಗಿಂತ ಮೊದಲು ನಂಬುವ ಶಕ್ತಿ ದಣಿದಿರುತ್ತದೆ. ನನ್ನ ಮೊದಲ ಹೇಳಿಕೆಗೆ ನಾನು ಸಹಿ ಹಾಕಿದ್ದು ನಾಲ್ಕನೇ ಕ್ಲಾಸಿನಲ್ಲಿದ್ದಾಗ, ಆ ಗೇಟುಮನೆಯ ಅಂಗಳದಲ್ಲಿ. ಅದು ನಿಜವೋ ಅಲ್ಲವೋ ತೀರ್ಮಾನ ಮಾಡಲೆಂದು ಇದನ್ನು ಬರೆಯಲು ಕೂತೆ. ಈಗ ಆ ಉತ್ಸಾಹವೂ ಅಷ್ಟಾಗಿ ಉಳಿದಿಲ್ಲ.

ಗಾಡಿ ಬಂದರೆ ಮನೆ ನಡುಗುತ್ತಿತ್ತು. ಗೂಡಿನಲ್ಲಿಟ್ಟ ಪಾತ್ರೆಗಳು ವಾರಕ್ಕೆ ಒಂದು ಬೆರಳಿನಷ್ಟು ಸರಿದು ಅಂಚಿಗೆ ಬರುತ್ತಿದ್ದವು. ಸೋಮವಾರ ಸ್ನಾನ ಮಾಡಿ ದೇವರಿಗೆ ಕೈ ಮುಗಿದ ಮೇಲೆ ಅವ್ವ ಅವನ್ನೆಲ್ಲ ಹಿಂದಕ್ಕೆ ತಳ್ಳುತ್ತಿದ್ದಳು. ಅದೂ ಪೂಜೆಯ ಭಾಗವೆಂದೇ ನಾನು ತಿಳಿದಿದ್ದೆ. ಬೆಳಗಿನ ಗಾಡಿ ಹೋದ ಮೇಲೆ ತಿಂಡಿ, ಮಧ್ಯಾಹ್ನದ ಗಾಡಿಗೆ ಮೊದಲು ಮುದ್ದೆ. ಗಾಡಿ ಬರುವಾಗ ಉಣ್ಣುತ್ತಿದ್ದರೆ ತಟ್ಟೆಯಲ್ಲಿ ಉಪ್ಸಾರು ಮುದ್ದೆಯ ಸುತ್ತ ನಡುಗುತ್ತದೆ, ಅಜ್ಜಿಗೆ ಅದು ಕಂಡರಾಗದು. ಅಜ್ಜಿ ಅಪ್ಪನ ತಾಯಿ. ಅವಳಿಗೂ ಅವ್ವನಿಗೂ ದಿನವೂ ಜಗಳ. ಜಗಳದ ನಡುವೆ ಗಾಡಿ ಬಂದರೆ ಇಬ್ಬರೂ ಬಾಯಿ ಮುಚ್ಚಿ ಕಾಯುತ್ತಿದ್ದರು. ಕೊನೆಯ ಡಬ್ಬಿ ದಾಟಿದೊಡನೆ ಅಜ್ಜಿ ಬಿಟ್ಟ ಮಾತಿನಿಂದಲೇ ಎತ್ತಿಕೊಳ್ಳುತ್ತಿದ್ದಳು.

“ಅದ್ಕೇ ಕೇಳಿದ್ದು, ನಿಮ್ ಹೆಮ್ಮಿಗೇಲಿ ಸಾರ್‌ಗೆ ಉಪ್ಪೇ ಆಕಕಿಲ್ವಾ ಅಂತ.”

“ಆಕ್ತೀವಿ ಕಣತ್ತೆ. ನಿಮ್ ಮಗನ ಗಾಡಿ ಅಲ್ಲಾಡ್ಸಿ ಅಲ್ಲಾಡ್ಸಿ ಚೆಲ್ಬುಡ್ತದೆ.”

ಹೆಮ್ಮಿಗೆ ಅವ್ವನ ತವರು, ನರಸೀಪುರ ತಾಲೂಕಿನಲ್ಲಿ. ಆ ಕಡೆಗೆ ರೈಲಿಲ್ಲ. ಹೆಮ್ಮಿಗೆಯ ಜನ ನಮ್ಮ ಮನೆಗೆ ಬಂದರೆ ಮಾತು ಕಡಿಮೆ, ಗಾಡಿ ಬರುವ ದಿಕ್ಕಿಗೆ ನೋಡುತ್ತಾ ಕೂರುವುದೇ ಹೆಚ್ಚು. ಅಪ್ಪ ಅವರಿಗೆಲ್ಲ ಒಂದೇ ಪಾಠ ಒಪ್ಪಿಸುತ್ತಿದ್ದ, ನನಗೂ ಮಗ್ಗಿಗಿಂತ ಮೊದಲು ಅದನ್ನೇ ಕಲಿಸಿದ್ದ: ಮೈಸೂರು, ಚಾಮರಾಜಪುರಂ, ಅಶೋಕಪುರಂ, ಕಡಕೊಳ, ತಾಂಡವಪುರ, ನಂಜನಗೂಡು, ನರಸಾಂಬುಧಿ, ಕವಲಂದೆ, ಬದನಗುಪ್ಪೆ, ಚಾಮರಾಜನಗರ. ನಡುವೆ ಒಂದೆರಡು ಹೆಸರು ಬಿಟ್ಟುಹೋಗಿರಬಹುದು, ಅಪ್ಪನೇ ದಿನಕ್ಕೊಂದು ಬಿಡುತ್ತಿದ್ದ. ಮಹಾರಾಜರ ಕಾಲದಲ್ಲಿ ಹಳಿ ಮೊದಲು ನಂಜನಗೂಡಿನವರೆಗೆ ಬಂತಂತೆ. ಕಪಿಲೆ ದಾಟಲು ಹೊಸ ಸೇತುವೆ ಯಾಕೆ ಎಂದು, ರೈಲಿಗಿಂತ ಎಷ್ಟೋ ಹಳೆಯದಾದ ಕಲ್ಲಿನ ಸೇತುವೆಯ ಮೇಲೆ ಎತ್ತಿನಗಾಡಿಯ ಪಕ್ಕದಲ್ಲೇ ಹಳಿ ಹಾಸಿದರಂತೆ. ಆಮೇಲೆ ಚಾಮರಾಜನಗರಕ್ಕೆ ಎಳೆದರಂತೆ. ಅಲ್ಲಿಂದ ಘಟ್ಟ ಇಳಿದು ಸತ್ಯಮಂಗಲದ ಕಡೆಗೆ ಹೋಗಬೇಕಾಗಿತ್ತಂತೆ, ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎಂದು ಹೆಮ್ಮಿಗೆಯವರು ಕೇಳಿದರೆ ಅಪ್ಪ ಕಾಡು, ಬೆಟ್ಟ, ಸರ್ಕಾರ ಎಂದೆಲ್ಲ ಶುರುಮಾಡುವ ಮೊದಲೇ ಅಜ್ಜಿ ಮೂಲೆಯಿಂದ ಹೇಳಿಬಿಡುತ್ತಿದ್ದಳು:

“ಅಳಿ ಆಕೋರ್‌ಗೆ ಸುಸ್ತಾಯ್ತು ಕಣ್ರಪ್ಪಾ. ಮನುಸ್ರಲ್ವಾ.”

ಅಪ್ಪನ ತಂಗಿ ರತ್ನತ್ತೆ ನಮ್ಮ ಜೊತೆಯಲ್ಲೇ ಇದ್ದಳು. ಮನೆಯಲ್ಲಿ ಪಿಯುಸಿ ಮುಟ್ಟಿದವಳು ಅವಳೊಬ್ಬಳೇ. ಮೈಸೂರಿನಲ್ಲಿ ನರ್ಸಿನ ಟ್ರೇನಿಂಗಿಗೆ ಅರ್ಜಿ ಹಾಕಿದ್ದು ಎಲ್ಲರಿಗೂ ಗೊತ್ತಿತ್ತು, ಸೀಟು ಸಿಗುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಅಷ್ಟರಲ್ಲಿ ಅಜ್ಜಿ ಅವಳನ್ನು ಹೆಮ್ಮಿಗೆಗೆ ಕೊಡುವುದಾಗಿ ಮಾತಾಡಿಬಿಟ್ಟಿದ್ದಳು. ಗಂಡು ಅವ್ವನ ತಮ್ಮ, ಸಿದ್ದಮಾವ. ಸಿದ್ದಮಾವ ಕೆಟ್ಟವನಾಗಿದ್ದರೆ ಇದನ್ನು ಬರೆಯುವುದು ಸುಲಭವಾಗುತ್ತಿತ್ತು. ಅವನು ಒಳ್ಳೆಯವನು, ಬಂದಾಗಲೆಲ್ಲ ಪಂಚೆಯ ಮಡಿಲಲ್ಲಿ ಹುರಿದ ಕಡಲೆಕಾಯಿ ತಂದು ನನ್ನ ಲಂಗಕ್ಕೆ ಸುರಿಯುತ್ತಿದ್ದ, ಆಮೇಲೆ ತಾನೇ ಅರ್ಧ ತಿನ್ನುತ್ತಿದ್ದ. ಶ್ರಾವಣದ ಒಂದು ದಿನ ಪೋಸ್ಟಿನವನು ಗೇಟಿನಲ್ಲಿ ನಿಂತು ಒಂದು ಕಾಗದ ಕೊಟ್ಟ. ಸೀಟು ಸಿಕ್ಕಿತ್ತು. ಅಪ್ಪ ಅದನ್ನು ಎರಡು ದಿನ ಅಂಗಿಯ ಜೇಬಿನಲ್ಲೇ ಇಟ್ಟುಕೊಂಡಿದ್ದ. ಮೂರನೆಯ ದಿನ ಊಟದ ಹೊತ್ತಿಗೆ ತೆಗೆದ.

“ಅವ್ವ, ರತ್ನಂಗೆ ಸೀಟ್ ಬಂದದೆ. ಸೋಮ್ವಾರದೊಳಗೆ ಸೇರ್ಬೇಕಂತೆ.”

“ಸೋಮ್ವಾರ ವೀಳ್ಯಕ್ಕೆ ಹೆಮ್ಮಿಗೆಯೋರು ಬತ್ತಾವ್ರೆ. ಯಾವುದಾರ ಒಂದಾಯ್ತದೆ.”

“ಓದ್ಲಿ ಬುಡವ್ವ, ಆಮೇಕೆ...”

“ಆಮೇಕೆ ಏನ್ಲಾ? ಹೆಮ್ಮಿಗೆಯಿಂದ ಒಬ್ಳ ತಂದಿವ್ನಿ, ಹೆಮ್ಮಿಗೆಗೆ ಒಬ್ಳ ಕೊಡ್ತೀನಿ. ಕಂಡೋರ ಗಾಯ ತೊಳೆಯಕಾ ನನ್ ಮಗಳ ಎತ್ತಿರದು?”

ಅಪ್ಪ ಕಾಗದವನ್ನು ಮಡಿಸಿ ಮತ್ತೆ ಜೇಬಿಗಿಟ್ಟ. ಅವನು ಗೇಟಿನ ಮನುಷ್ಯ. ಎರಡೂ ಕಡೆಯವರನ್ನು ನಿಲ್ಲಿಸಿ ಗೊತ್ತು, ಒಂದು ಕಡೆಯವರನ್ನು ಬಿಟ್ಟು ಗೊತ್ತಿಲ್ಲ. ರತ್ನತ್ತೆ ಅಳಲಿಲ್ಲ, ತಟ್ಟೆಯಲ್ಲಿದ್ದುದನ್ನು ಪೂರ್ತಿ ಉಂಡು, ಕೈ ತೊಳೆದು, ಎಲ್ಲರ ತಟ್ಟೆಗಳನ್ನೂ ಎತ್ತಿದಳು. ಅವ್ವ ಆ ಹೊತ್ತು ಏನು ಮಾಡುತ್ತಿದ್ದಳೆಂದು ಎಷ್ಟು ಯೋಚಿಸಿದರೂ ನೆನಪಾಗುವುದಿಲ್ಲ. ಈ ಸಂಬಂಧ ಎಲ್ಲರಿಗಿಂತ ಅವಳಿಗೇ ಹೆಚ್ಚು ಬೇಕಾದದ್ದು ಎಂದು ಎರಡು ಊರಿನವರೂ ತಿಳಿದಿದ್ದರು. ನಾದಿನಿ ತವರಿಗೆ ಸೊಸೆಯಾಗಿ ಹೋದರೆ ಇಲ್ಲಿ ಅತ್ತೆಯ ಬಾಯಿ ತಾನಾಗಿ ಕಡಿಮೆಯಾಗುತ್ತದೆ. ತಮ್ಮನ ಮದುವೆಗೆ ಅಡ್ಡಗಾಲು ಹಾಕಿದ ಅಕ್ಕನಿಗಾದರೆ ತವರಿನ ಬಾಗಿಲೇ ಇರುವುದಿಲ್ಲ.

ಇನ್ನು ಆ ರಗ್ಗು. ನನ್ನನ್ನು ಹೆತ್ತು ಬಾಣಂತನ ಮುಗಿಸಿ ಬರುವಾಗ ಹೆಮ್ಮಿಗೆಯಿಂದ ಅವ್ವನಿಗೆ ಕೊಟ್ಟು ಕಳಿಸಿದ್ದ ಕೆಂಪು ರಗ್ಗು. ರೈಲ್ವೆ ಮನೆಗೆ ಕೆಂಪು ಕೊಡಬಾರದೆಂದು ರೈಲಿಲ್ಲದ ಊರಿನವರಿಗೆ ಹೇಗೆ ಗೊತ್ತಾಗಬೇಕು? ಅದು ಟ್ರಂಕಿನ ತಳದಲ್ಲಿ ನುಸಿಗುಳಿಗೆಗಳ ನಡುವೆ ಇರುತ್ತಿತ್ತು. ತೀರಾ ಥಂಡಿಯಾದರೆ ನನಗೆ ಹೊದಿಸುತ್ತಿದ್ದರು.

ಸೋಮವಾರ ಬಂತು. ರತ್ನತ್ತೆಗೆ ದಾರಿ ಇರಲಿಲ್ಲ ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ಮೈಸೂರಿಗೆ ಹೋಗುವ ಬೆಳಗಿನ ಗಾಡಿ ನಮ್ಮ ಬಾಗಿಲಲ್ಲೇ ಹೋಗುತ್ತದೆ, ಗೇಟಿನಲ್ಲಿ ನಿಲ್ಲುವುದಿಲ್ಲ. ಸ್ಟೇಷನ್ನಿಗೆ ನಡೆದು ಹೋಗಬೇಕೆಂದರೆ ಊರೆಲ್ಲ ಕಣ್ಣು. ಬಸ್ಸಿಗೆ ಹೋದರೆ ನಂಜನಗೂಡಿನ ಬಸ್‌ಸ್ಟ್ಯಾಂಡಿನಲ್ಲಿ, ನರಸೀಪುರದ ಬಸ್ಸಿಂದ ತಟ್ಟೆಗಳ ಸಮೇತ ಇಳಿಯುವ ಬೀಗರೇ ಎದುರಾಗುತ್ತಾರೆ. ಅಜ್ಜಿ ಬಾಗಿಲಲ್ಲೇ ಕೂತಿದ್ದಳು; ಹಳಿಯ ಪಕ್ಕ, ಸ್ವಲ್ಪ ದೂರದ ತಿರುವಿನಲ್ಲಿದ್ದ ಕೈಪಂಪಿಗೆ ನೀರಿಗೆ ಹೋಗಲು ಮಾತ್ರ ಅಪ್ಪಣೆ. ಆ ಬೆಳಿಗ್ಗೆ ಆ ತಿರುವಿನ ತಂತಿಬೇಲಿಯ ಮೇಲೆ ಕೆಂಪು ರಗ್ಗು ನೇತಾಡುತ್ತಿತ್ತು. ಡ್ರೈವರ್ ನೋಡಿದ. ಗಾಡಿ ಕಿರುಚಿಕೊಂಡು ನಿಂತಿತು. ಹೊಗೆಯ ಇಂಜಿನ್ನೋ ಡೀಸೆಲ್ಲೋ ಎಂದು ಕೇಳಬೇಡಿ, ಎರಡೂ ಥರ ಕಣ್ಣಿಗೆ ಕಟ್ಟುತ್ತದೆ. ಅಪ್ಪ ಗೇಟಿನಿಂದ ಓಡಿದ, ಕೈಯಲ್ಲಿ ಹಸಿರು ಬಾವುಟ ಹಾಗೇ ಬಿಚ್ಚಿಕೊಂಡಿತ್ತು. ಗಾರ್ಡು ಕೆಳಗಿಳಿದು ಕೂಗುತ್ತಿದ್ದ.

“ಏನಯ್ಯಾ, ಕೈಲಿ ಹಸ್ರು ಹಿಡಿದು ಬೇಲಿಗೆ ಕೆಂಪು ತೂಗಾಕ್ತೀಯಲ್ಲ, ನಾವ್ ಯಾವುದ್ ನಂಬದು?”

ಗಾಡಿ ಹೊರಟುಹೋಯಿತು. ಕೈಪಂಪಿನ ಕೆಳಗೆ ಕೊಡ ಅರ್ಧ ತುಂಬಿ ನಿಂತಿತ್ತು. ರತ್ನತ್ತೆ ಇರಲಿಲ್ಲ.

ರಗ್ಗನ್ನು ಅಲ್ಲಿ ಹಾಕಿದವಳು ನಾನು. ಇದು ಹೇಳಿಕೆ. ರಾತ್ರಿ ಹಾಸಿಗೆಯಲ್ಲಿ ಉಚ್ಚೆ ಹೊಯ್ದುಕೊಂಡೆ, ಯಾರಿಗೂ ಹೇಳದೆ ಎದ್ದು ಕೈಪಂಪಿನಲ್ಲಿ ರಗ್ಗು ನೆನೆಸಿ ಬೇಲಿಗೆ ಹಾಕಿದೆ. ನನಗೆ ಇದು ನೆನಪಿದೆ. ಒದ್ದೆ ರಗ್ಗಿನ ಭಾರ, ತೋಳಿನುದ್ದಕ್ಕೂ ಇಳಿದ ನೀರು, ಕಾಲ ಬೆರಳುಗಳ ಮೇಲೆ ತಣ್ಣಗೆ ತೊಟ್ಟಿಕ್ಕಿದ್ದು, ಎಲ್ಲ ನೆನಪಿದೆ. ಇನ್ನೊಂದೂ ನೆನಪಿದೆ: ಗಾಡಿ ಹೋದ ಮೇಲೆ ಅವ್ವ ನನ್ನನ್ನು ಬಚ್ಚಲಿಗೆ ಎಳೆದುಕೊಂಡು ಹೋಗಿ, ಮುಖ ತೊಳೆಸುತ್ತಾ, ಗಲ್ಲ ಹಿಡಿದು ನನ್ನ ಕಣ್ಣಲ್ಲಿ ಕಣ್ಣಿಟ್ಟು ಏನೋ ಹೇಳಿದಳು. ಆ ಮಾತು “ನಿಜ ಯೇಳ್ಬುಡು ಮಗ” ಎಂದಿತ್ತೋ, “ಇಂಗೇ ಯೇಳ್ಬೇಕು ಮಗ” ಎಂದಿತ್ತೋ. ಬಾಯಿ ಕಾಣಿಸುತ್ತದೆ, ಕಣ್ಣಿನ ಕೆಳಗಿನ ಕಾಡಿಗೆ ಕಾಣಿಸುತ್ತದೆ, ಮಾತು ಮಾತ್ರ ದಿನಕ್ಕೊಂದು ಥರ ಕೇಳಿಸುತ್ತದೆ.

ಮಧ್ಯಾಹ್ನ ಹೆಮ್ಮಿಗೆಯವರು ಬಂದು ಚಾಪೆಯ ಮೇಲೆ ಕೂತರು. ಹುಡುಗಿ ಇಲ್ಲವೆಂದು ಯಾರು, ಹೇಗೆ ಹೇಳಿದರೋ ತಿಳಿಯದು. ಅಜ್ಜಿ ತಲೆ ಮೇಲೆ ಸೆರಗು ಎಳೆದುಕೊಂಡು ಗೋಡೆ ನೋಡುತ್ತಿದ್ದಳು. ಒಳಗೆ ಒಬ್ಬಟ್ಟು ತಣ್ಣಗಾಗುತ್ತಿತ್ತು. ಆ ಹೊತ್ತಿಗೇ ಹಳಿಯ ಮೇಲೆ ನಾಲ್ಕು ಜನ ತಳ್ಳುವ ಟ್ರಾಲಿಯಲ್ಲಿ ಕೊಡೆ ಹಿಡಿದು ರೈಲ್ವೆ ಇನ್ಸ್‌ಪೆಕ್ಟರ್ ಸಾಹೇಬರು ಬಂದರು. ಗಾಡಿ ನಿಂತದ್ದಕ್ಕೆ ವಿಚಾರಣೆ. ಅಂಗಳದಲ್ಲಿ ಇದ್ದ ಒಂದೇ ಕುರ್ಚಿಯನ್ನು ಬೀಗರಲ್ಲಿ ಹಿರಿಯನೊಬ್ಬನಿಗೆ ಹಾಕಿದ್ದರು, ಅವನನ್ನು ಎಬ್ಬಿಸಿ ಅದನ್ನು ಸಾಹೇಬರಿಗೆ ಹಾಕಿದರು. ಹಾಗಾಗಿ ವಿಚಾರಣೆ ಬೀಗರ ಮುಂದೆಯೇ ನಡೆಯಿತು. ಅವ್ವ ನನ್ನನ್ನು ಮುಂದಕ್ಕೆ ತಳ್ಳಿದಳು.

“ಹೆಸರೇನಮ್ಮ?”

“ಶಶಿಕಲಾ ಸಾ.”

“ರಗ್ಗು ಅಲ್ಲಿ ಯಾರು ಹಾಕಿದ್ದು?”

“ನಾನೇ ಸಾ.”

“ಯಾಕೆ?”

“ಉಚ್ಚೆ ಉಯ್ಕಂಡಿದ್ದೆ ಸಾ.”

ಟ್ರಾಲಿ ತಳ್ಳುವವರು ನಕ್ಕರು. ಚಾಪೆಯ ಮೇಲಿದ್ದವರಲ್ಲೂ ಒಬ್ಬಿಬ್ಬರು ನಕ್ಕರು.

“ಕೆಂಪು ಹಾಕಬಾರದು ಅಂತ ನಿಮ್ಮಪ್ಪ ಹೇಳಿಕೊಟ್ಟಿಲ್ವಾ?”

“ಯೇಳವ್ರೆ ಸಾ. ಮನೆತಾವ ಆಕುದ್ರೆ ಅಜ್ಜಿ ಬಯ್ತಾಳೆ ಅಂತ ದೂರ ಆಕ್ದೆ.”

ಈ ಕೊನೆಯ ಮಾತನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅಷ್ಟರಮಟ್ಟಿಗೆ ಅದು ನನ್ನದೇ. ನಿಜವಿದ್ದುದರಿಂದ ತಾನಾಗಿ ಬಂತೋ, ಸುಳ್ಳಿಗೆ ಮೊದಲ ಸಲ ರುಚಿ ಹತ್ತಿ ಬಂತೋ, ಇವತ್ತಿಗೂ ಬಿಡಿಸಲಾರೆ. ಸಾಹೇಬರು ರಗ್ಗು ತೋರಿಸು ಎಂದರು. ಅವ್ವ ಹಿತ್ತಲಿನಿಂದ ತಂದಳು. ಅಂಗಳದುದ್ದಕ್ಕೂ ನೀರು ಸುರಿಯಿತು. ಸಾಹೇಬರು ಮುಟ್ಟಲು ಕೈ ಚಾಚಿ, ಯಾವುದರಿಂದ ಒದ್ದೆಯೆಂದು ನೆನಪಾಗಿ ಹಿಂದಕ್ಕೆ ಎಳೆದುಕೊಂಡರು. ಬರೆದುಕೊಂಡರು, ನನ್ನಿಂದ ಸಹಿ ಹಾಕಿಸಿದರು. ಶಶಿಕಲಾ ಎಂಬುದರಲ್ಲಿ ಕೊನೆಯ ದೀರ್ಘ ಕಾಗದದಿಂದ ಹೊರಗೆ ಹೋಗಿತ್ತು.

“ಮಕ್ಕಳನ್ನ ಸರಿಯಾಗಿ ನೋಡ್ಕೊಳ್ಳಪ್ಪಾ,” ಎಂದರು ಅಪ್ಪನಿಗೆ. “ಇನ್ನೊಂದು ಸಲ ಆದ್ರೆ ಈ ಮನೆನೂ ಇರಲ್ಲ, ಕೆಲಸನೂ ಇರಲ್ಲ.”

ಟ್ರಾಲಿ ಹೋಯಿತು. ಹೆಮ್ಮಿಗೆಯ ಒಬ್ಬ ಮುದುಕ, ಅವ್ವನ ದೊಡ್ಡಪ್ಪ, ಎಲೆಯಡಿಕೆ ಅಗಿಯುತ್ತಾ ಅಂದ:

“ಗೇಟ್ ಮನೇಲಿ ಬೆಳ್ದಿರೋ ಮಗೀಗೆ ಕೆಂಪು ಅಂದ್ರೆ ಗೊತ್ತಿಲ್ವಾ, ಗೌರಿ?”

ಗೌರಿ ನನ್ನ ಅವ್ವ. ಅವಳು ಉತ್ತರ ಕೊಡುವ ಮೊದಲೇ ಸಿದ್ದಮಾವ ಎದ್ದ.

“ಮಗ ಕಣ್ ದೊಡ್ಡಪ್ಪ, ಬುಡು. ಅಕ್ಕ, ಎಲೆ ಆಕು. ಅಸಿವಾಯ್ತದೆ.”

ಅವರು ಉಂಡರು. ಉಂಡು ಹೋದರು ಎನ್ನುವುದೇ ದೊಡ್ಡದು. ಉಣ್ಣದೆ ಎದ್ದಿದ್ದರೆ ಅವ್ವನಿಗೆ ಹೆಮ್ಮಿಗೆ ಅಲ್ಲಿಗೆ ಮುಗಿಯುತ್ತಿತ್ತು. ಅವರು ತಿರುವು ದಾಟಿದ ಮೇಲೆ ಅಜ್ಜಿ ನನ್ನ ಕಡೆ ತಿರುಗಿದಳು.

“ನಿನ್ ಉಚ್ಚೇಲಿ ನನ್ ಮಗಳು ಕೊಚ್ಕಂಡೋದ್ಲಲ್ಲೇ.”

ಹೀಗೆ ಆ ಮನೆ ಉಳಿಯಿತು, ಅಪ್ಪನ ಕೆಲಸ ಉಳಿಯಿತು, ಅವ್ವನ ತವರು ಉಳಿಯಿತು. ನನಗೊಂದು ಹೆಸರು ಉಳಿಯಿತು. ಹೆಮ್ಮಿಗೆಯಿಂದ ಯಾರೇ ಬರಲಿ, ಅವರ ಮುಂದೆ ಕಾಫಿ ಲೋಟ ಇಡುತ್ತಾ ಅವ್ವ ಅದೇ ಮಾತನ್ನು ಅದೇ ರಾಗದಲ್ಲಿ ಹೇಳುತ್ತಿದ್ದಳು: “ಒಂಬತ್ತ್ ವರ್ಸ ಆಗಿತ್ತು ಇವ್ಳಿಗೆ. ಒಂಬತ್ತು! ನಾಚ್ಕೆ ಇರ್ನಿಲ್ಲ.” ಬಂದವರು ನಗುತ್ತಿದ್ದರು, ನಾನು ಹಿತ್ತಲಿಗೆ ಹೋಗುತ್ತಿದ್ದೆ. ದೊಡ್ಡವಳಾಗಿ ಸೀರೆ ಉಟ್ಟ ಮೇಲೂ ಅದು ನಿಲ್ಲಲಿಲ್ಲ. ಸ್ಕೂಲಿನವರು ತಲಕಾಡಿಗೆ ಒಂದು ರಾತ್ರಿಯ ಪ್ರವಾಸ ಹೊರಟಾಗ ನಾನು ಹೊಟ್ಟೆನೋವೆಂದು ಉಳಿದೆ. ಸಂಜೆಯ ಗಾಡಿ ಹೋದ ಮೇಲೆ ನೀರು ಕುಡಿಯುವುದನ್ನು ಬಿಟ್ಟೆ. ಬೆಳಗಿನ ಜಾವ ಎಚ್ಚರವಾಗಿ ಹಾಸಿಗೆಯನ್ನು ಅಂಗೈಯಲ್ಲಿ ತಡವಿ ನೋಡುವುದು ಅಭ್ಯಾಸವಾಯಿತು. ಒಂದು ದಿನವೂ ಒದ್ದೆಯಾಗಿರಲಿಲ್ಲ. ಅದಕ್ಕೆ ಹಿಂದೆ ಆಗುತ್ತಿತ್ತೇ ಎಂದು ನೆನಪು ಮಾಡಿಕೊಳ್ಳಲು ಹೋದರೆ ಕಾಲ ಬೆರಳ ಮೇಲೆ ಆ ತಣ್ಣನೆಯ ನೀರು ಬೀಳುತ್ತಿತ್ತು, ಅಲ್ಲಿಗೆ ವಾದ ಮುಗಿಯುತ್ತಿತ್ತು.

ಮೈಸೂರಿನಲ್ಲಿ ಟ್ರೇನಿಂಗಿಗೆ ಸೇರಿದ ರತ್ನತ್ತೆ ಎರಡು ವರ್ಷ ಈ ಕಡೆ ಬರಲಿಲ್ಲ. ಸಿದ್ದಮಾವನಿಗೆ ಅಷ್ಟರಲ್ಲಿ ತಗಡೂರಿನ ಕಡೆಯಿಂದ ಹೆಣ್ಣು ತಂದರು. ಅಜ್ಜಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಾಗ ರತ್ನತ್ತೆ ನರ್ಸಿನ ಬಿಳಿ ಸೀರೆಯಲ್ಲಿ ಬಂದು ನಿಂತಳು. ಅಜ್ಜಿ ಮುಖ ಗೋಡೆಗೆ ತಿರುಗಿಸಿಕೊಂಡೇ ಅವಳಿಂದ, ಮಲಗಿ ಮಲಗಿ ಆದ ಬೆನ್ನಿನ ಗಾಯ ತೊಳೆಸಿಕೊಂಡಳು. ಆಮೇಲಿನ ವರ್ಷಗಳಲ್ಲಿ ಅಗಲ ಹಳಿ ಹಾಕಲು ಗಾಡಿ ನಿಲ್ಲಿಸಿದರು. ಹಳಿ ಕಿತ್ತರು, ಅಪ್ಪನನ್ನು ದೂರದ ಇನ್ನೊಂದು ರೈಲುದಾರಿಗೆ ಹಾಕಿದರು, ನಾವು ನರಸೀಪುರದಲ್ಲಿ ಬಾಡಿಗೆ ಮನೆ ಹಿಡಿದೆವು. ಗಾಡಿಯಿಲ್ಲದ ಮನೆಯಲ್ಲಿ ಮೊದಲ ಒಂದು ತಿಂಗಳು ಯಾರಿಗೂ ಸರಿಯಾದ ಹೊತ್ತಿಗೆ ಹಸಿವಾಗುತ್ತಿರಲಿಲ್ಲ. ಅವ್ವ ಸೋಮವಾರ ಪಾತ್ರೆಗಳನ್ನು ಹಿಂದಕ್ಕೆ ತಳ್ಳಲು ಕೈ ಹಾಕಿ, ಅವು ಇಟ್ಟಲ್ಲೇ ಇರುವುದನ್ನು ನೋಡಿ ಸುಮ್ಮನೆ ನಿಂತುಬಿಡುತ್ತಿದ್ದಳು.

ಆಗಲೇ ನಾನು ಟೈಪಿಂಗ್ ಕಲಿಯಲು ಮೈಸೂರಿಗೆ ಹೋಗಿ ರತ್ನತ್ತೆಯ ಮನೆಯಲ್ಲಿ ಉಳಿದದ್ದು. ಮೊದಲ ರಾತ್ರಿ ಅವಳು ಹಾಸಿಗೆ ಹಾಸುತ್ತಿದ್ದಾಗ, ನಾನು ಚಾಪೆ ಸಾಕು, ನಿಮ್ಮ ಹಾಸಿಗೆ ಹಾಳಾದೀತು ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಬೇಕಾಯಿತು.

“ಒದ್ದೆನಾ? ಯಾವ ರಗ್ಗೇ ಒದ್ದೆ?” ಎಂದಳು. “ನಾನು ಆ ರಗ್ಗಿನ ಹಿಂದ್ಗಡೆನೇ ಕಣಮ್ಮಿ ಬಚ್ಚಿಟ್ಕೊಂಡಿದ್ದು, ಗಾಡಿ ನಿಲ್ಲೋವರ್ಗೂ. ಮೂಗು ಅದಕ್ಕೇ ಒತ್ಕೊಂಡಿತ್ತು. ಗರಿ ಗರಿ ಒಣಗಿತ್ತು. ಉಚ್ಚೆ ನಾತ ಎಲ್ಲಿ ಬಂತು, ನುಸಿಗುಳಿಗೆ ವಾಸ್ನೆಗೆ ಸೀನು ತಡ್ಕೊಳಕಾಗ್ದೆ ಸಾಯ್ತಿದ್ದೆ.”

“ಮತ್ತೆ ಅಲ್ಲಿ ಹಾಕಿದ್ದು ಯಾರು?”

“ನಾನ್ ಹೋಗೋ ಹೊತ್ಗೇ ಅಲ್ಲಿತ್ತು. ನಿಮ್ಮವ್ವ ಕೊಡ ಕೈಗ್ ಕೊಡ್ತಾ ಹೇಳಿದ್ದು ಇಷ್ಟೇ. ನೀರ್‌ಗೋಗು. ಕೊಡ ಅಲ್ಲೇ ಬುಡು. ಗಾಡಿ ನಿಲ್ತದೆ.”

ಅವತ್ತು ಗಾಡಿ ಕಪಿಲೆಯ ಹಳೇ ಸೇತುವೆ ದಾಟುವಾಗ ಪಕ್ಕದಲ್ಲೇ ಒಂದು ಬಸ್ಸು ಬರುತ್ತಿತ್ತಂತೆ. ನರಸೀಪುರದ ಬಸ್ಸು ಆ ದಾರಿಯಲ್ಲಿ ಬರುವುದಿಲ್ಲವೆಂದು ಗೊತ್ತಿದ್ದೂ ರತ್ನತ್ತೆ ಸೀಟಿನ ಕೆಳಗೆ ತಲೆ ಬಗ್ಗಿಸಿ ಕೂತಳಂತೆ. ಇದನ್ನು ಹೇಳಿ ನಕ್ಕು ಮಲಗಿಬಿಟ್ಟಳು. ಮಾರನೆಯ ದಿನ ಅವಳಿಗೆ ಬೆಳಗಿನ ಪಾಳಿ ಇತ್ತು. ನಾನು ಹಾಸಿಗೆಯ ಮೇಲೆ ಕೂತು, ಒದ್ದೆ ರಗ್ಗಿನ ಭಾರವನ್ನು ತೋಳಿನಲ್ಲಿ ಹುಡುಕಿದೆ. ಅದು ಅಲ್ಲೇ ಇತ್ತು. ಒಣಗಿತ್ತೆಂದು ತಿಳಿದ ಮೇಲೂ ಅದು ಒದ್ದೆಯಾಗಿಯೇ ಇದೆ, ಈಗ ಬರೆಯುವಾಗಲೂ. ಊರಿಗೆ ಬಂದಿದ್ದ ಅಪ್ಪನನ್ನು ಒಮ್ಮೆ ಕೇಳಿದೆ, ನಿನಗೆ ಗೊತ್ತಿತ್ತೇ ಎಂದು. ಅವನು ಕಾಲುಗುರು ಕೆರೆಯುತ್ತಾ ಹೇಳಿದ:

“ನಾನು ಅವತ್ತು ಹಸ್ರು ಹಿಡಿದಿದ್ದೆ. ಅಷ್ಟೇ ನನಗ್ ಗೊತ್ತಿರದು.”

ಅವ್ವನನ್ನು ಕೇಳಲಿಲ್ಲ. ಕೇಳಬೇಕೆಂದು ಎಷ್ಟೋ ಸಲ ಅಡುಗೆಮನೆಯ ಬಾಗಿಲವರೆಗೆ ಹೋಗಿದ್ದೇನೆ. ಅವಳು ಯಾರಿಗೋ ಕಾಫಿ ಇಡುತ್ತಾ ಒಂಬತ್ತು ವರ್ಷದ ಮಾತು ಎತ್ತಿರುತ್ತಿದ್ದಳು.

ಅಗಲ ಹಳಿಯ ಮೇಲೆ ಗಾಡಿ ಓಡಲು ಶುರುವಾದ ಮೇಲೆ, ಚಾಮರಾಜನಗರದಲ್ಲಿ ನೆಂಟರ ಮದುವೆಯೊಂದಕ್ಕೆ ಅವ್ವ, ನಾನು, ಸಿದ್ದಮಾವ ಹೊರಟೆವು. ನರಸೀಪುರದಿಂದ ಬಸ್ಸಿನಲ್ಲೇ ಹೋಗಬಹುದಿತ್ತು. ಸಿದ್ದಮಾವ ನಂಜನಗೂಡಿಗೆ ಹೋಗಿ ಹೊಸ ಗಾಡಿಯನ್ನೇ ಹತ್ತಬೇಕೆಂದು ಹಟ ಮಾಡಿದ. ಅವನ ಕೂದಲು ನರೆತಿತ್ತು, ಕಡಲೆಕಾಯಿ ಈಗ ಪ್ಲಾಸ್ಟಿಕ್ ಕವರಿನಲ್ಲಿತ್ತು. ಗಾಡಿ ದೊಡ್ಡದು, ಸದ್ದು ಕಡಿಮೆ. ನಾನು ಅಪ್ಪನ ಪಾಠವನ್ನು ಮನಸ್ಸಿನಲ್ಲೇ ಒಪ್ಪಿಸುತ್ತಾ ಕೂತೆ. ಅವ್ವ ಕಿಟಕಿಯ ಪಕ್ಕ. ತಿರುವು ಬಂತು. ಗೇಟುಮನೆ ಇರಲಿಲ್ಲ, ಅಂಗಳವಿದ್ದ ಕಡೆ ಜಲ್ಲಿಕಲ್ಲಿನ ಗುಡ್ಡೆ, ಅದರಾಚೆ ಹೊಸ ಗೇಟಿನ ಉದ್ದನೆಯ ಕಂಬ. ಕೈಪಂಪಿನ ಕಟ್ಟೆ ಮಾತ್ರ ಉಳಿದಿತ್ತು, ಅಥವಾ ಅದು ಬೇರೆ ಯಾವುದೋ ಕಟ್ಟೆ.

“ಇಲ್ಲೇ ಅಲ್ವಾ ಅಕ್ಕ, ನಿಮ್ಮನೆ ಇದ್ದುದ್ದು?”

“ಊಂ. ಇಲ್ಲೇ ಎಲ್ಲೋ.”

ಸಿದ್ದಮಾವ ಕಡಲೆಕಾಯಿ ಸುಲಿಯುವುದನ್ನು ನಿಲ್ಲಿಸಿ ನನ್ನ ಕಡೆ ವಾಲಿದ.

“ಶಶಿ, ಒಂದ್ ಮಾತ್ ಕೇಳ್ತೀನಿ, ಬ್ಯಾಸ್ರ ಮಾಡ್ಕಬ್ಯಾಡ. ಆ ರಗ್ಗ ಆಕಿದ್ದು ನೀನೇನಾ?”

“ಈಗ್ಯಾಕ್ ಮಾವ ಅದು?”

“ಅಲ್ಲಾ, ಒತ್ತಾರೆ ಒಣಗಾಕಿದ್ ರಗ್ಗು ಮದ್ಯಾನ್ಕೂ ನೀರ್ ಸುರಿತಿತ್ತಲ್ಲ. ನಾನ್ ಅವತ್ತೇ ನೋಡ್ದೆ. ಯಾರ್‌ಗೂ ಯೇಳಿಲ್ಲ.”

ಯಾರಿಗೂ ಹೇಳದೆ ಅವತ್ತು ಎಲೆ ಹಾಕಿಸಿಕೊಂಡು ಉಂಡಿದ್ದ. ಆಮೇಲೆ ಪ್ರತಿ ವರ್ಷ ಕಡಲೆಕಾಯಿ ಹಿಡಿದು ಅಕ್ಕನ ಮನೆಗೆ ಬಂದಿದ್ದ, ಒಂಬತ್ತು ವರ್ಷದ ಮಾತಿಗೆ ಎಲ್ಲರ ಜೊತೆ ನಕ್ಕಿದ್ದ. ಅವನ ಧ್ವನಿ ನನಗೆ ಪರಿಚಯದ್ದು, ಕೋರ್ಟಿನಲ್ಲಿ ದಿನವೂ ಕೇಳುತ್ತೇನೆ. ಒಂದೇ ಒಂದು ಉತ್ತರವನ್ನು ಬೇಡುತ್ತಾ ಬರುವ ಪ್ರಶ್ನೆ ಅದು. ಅವ್ವ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಕಂಬಿಯ ಮೇಲಿದ್ದ ಅವಳ ಕೈಯ ಬಳೆಗಳು ಮೊಣಕೈ ಕಡೆಗೆ ಜಾರಿದ್ದವು, ಅವನ್ನು ಸರಿ ಮಾಡಿಕೊಳ್ಳಲೂ ಇಲ್ಲ.

“ನಾನೇ ಮಾವ,” ಎಂದೆ. “ಅವ್ವ ಎರಡ್ನೇ ಸಲ ಒಗ್ದಿದ್ಲು. ಒಂದ್ ಸಲ ಒಗೆದ್ರೆ ನಾತ ಓಗಿರ್ನಿಲ್ಲ.”

ಸಿದ್ದಮಾವ ನನ್ನ ಮುಖ ನೋಡಿದ. ಆಮೇಲೆ ನಕ್ಕ. ಪಕ್ಕದ ಸೀಟಿನವರು ತಿರುಗುವಷ್ಟು ಜೋರಾಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಸುಲಿದಿಟ್ಟಿದ್ದ ಕಡಲೆಬೀಜವನ್ನೆಲ್ಲ ನನ್ನ ಮಡಿಲಿಗೆ ಸುರಿದ. ಸುರಿದು, ಅವ್ವನ ಕಡೆ ನೋಡುತ್ತಾ ಕಾದ. ನಾನೂ ಕಾದೆ. ಆ ಮಾತು ಬರುವ ಜಾಗ ಅದು, ಇಷ್ಟು ವರ್ಷಗಳಲ್ಲಿ ಒಂದು ಸಲವೂ ತಪ್ಪಿರಲಿಲ್ಲ. ಅವ್ವ ಹೊರಗೆ ನೋಡುತ್ತಲೇ ಇದ್ದಳು. ಜಲ್ಲಿಯ ಗುಡ್ಡೆ ಹೋಯಿತು, ಒಂದು ಹೊಲ ಹೋಯಿತು, ಇನ್ನೊಂದು ಹೋಯಿತು.

“ಒಂಬತ್ತ್ ವರ್ಸ ಆಗಿತ್ತಲ್ವಾ ಅಕ್ಕ ಆಗ ಇವ್ಳಿಗೆ?” ಕೊನೆಗೆ ಸಿದ್ದಮಾವನೇ ಎತ್ತಿಕೊಟ್ಟ.

“ಎಂಟು,” ಎಂದಳು ಅವ್ವ. “ಎಂಟೂ ತುಂಬಿರ್ನಿಲ್ಲ.”